ಎಡಪುಟಗಳ ಸಮಿತಿಯ ಅಧ್ಯಕ್ಷರಿಗೆ

ಲಸಿಕೆ ಸುರಕ್ಷತಾ ಮರುಪರಿಶೀಲನಾ ಉನ್ನತ ಸಮಿತಿಯ ಘನ ಅಧ್ಯಕ್ಷರ ಸನ್ನಿಧಾನಕ್ಕೆ,

ಮಾನ್ಯರೇ,

ತಮ್ಮ ಆರೋಗ್ಯವೂ, ತಮ್ಮ ಕಂಠವೂ, ಆ ಕಂಠದ ಮುಂದೆ ಬೆಳಗಾದರೆ ಬಂದು ನಿಲ್ಲುವ ಮೈಕುಗಳೂ ಸುಖವಾಗಿವೆ ಎಂದು ನಂಬಿ, ತಮ್ಮ ಅಮೂಲ್ಯ ಸಮಯದಲ್ಲಿ ಕಾಲು ಗಂಟೆಯನ್ನು ಬೇಡುವ ಧೈರ್ಯ ಮಾಡುತ್ತಿದ್ದೇನೆ. ಪ್ಲಾಸ್ಟರು ಬಿಚ್ಚಿ ಎರಡು ವಾರವೂ ಆಗದ ಬಲಗೈಯಿಂದ ಬರೆಯುತ್ತಿರುವುದರಿಂದ ಅಕ್ಷರ ಅಲ್ಲಲ್ಲಿ ಸೊಟ್ಟಗೆ ಕಂಡೀತು. ಅದನ್ನು ಲಸಿಕೆಯ ಹೊಸ ದುಷ್ಪರಿಣಾಮವೆಂದು ವರದಿಯ ಅನುಬಂಧಕ್ಕೆ ಸೇರಿಸಬಾರದಾಗಿ ಮೊದಲಿಗೇ ಪ್ರಾರ್ಥನೆ. ನನ್ನ ಅಕ್ಷರ ಶಾಲೆಯ ದಿನಗಳಿಂದಲೂ ಹೀಗೇ.

ನನ್ನನ್ನು ತಮಗೆ ಪರಿಚಯಿಸಿಕೊಳ್ಳುವ ಅಗತ್ಯವಿಲ್ಲ, ಏಕೆಂದರೆ ನನ್ನನ್ನು ಲೋಕಕ್ಕೆ ಪರಿಚಯಿಸಿದವರೇ ತಾವು. ತಿಂಗಳ ಹಿಂದೆ ಟಿವಿ ಚರ್ಚೆಯಲ್ಲಿ ತಾವು ಸಮಿತಿಯ ವರದಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, 'ಆರುನೂರ ಇಪ್ಪತ್ತನಾಲ್ಕು ಪುಟ! ಒಂಬೈನೂರ ಮೂವತ್ತಾರು ಮಂದಿಯ ಗೋಳು!' ಎಂದು ಗುಡುಗಿ, ಪುಟ ಇನ್ನೂರ ಎಪ್ಪತ್ತೆಂಟನ್ನು ತೆರೆದು, ಫ್ಲೂ ಲಸಿಕೆ ಹಾಕಿಸಿಕೊಂಡ ಮೂರನೇ ದಿನಕ್ಕೆ ಬಲ ಮಣಿಕಟ್ಟು ಮುರಿದುಕೊಂಡ ಅರವತ್ತೆಂಟು ವರ್ಷದ ಹಿರಿಯರ ಕಥೆಯನ್ನು ಓದಿ, ಓದುತ್ತಾ ಕನ್ನಡಕ ತೆಗೆದು ಕಣ್ಣೊರೆಸಿಕೊಂಡಿರಲ್ಲ, ಆ ನಾಲ್ಕುನೂರ ಹದಿನೇಳನೇ ನಮೂದಿನ ಹಿರಿಯ ನಾನು. ನನ್ನ ಸ್ವಂತ ತಮ್ಮ ಕೂಡ ನನ್ನ ಕೈಗಾಗಿ ಇಷ್ಟು ಅತ್ತವನಲ್ಲ. ನೋಡಲು ಬಂದವನು ಟೀ ಕುಡಿದು, ಪ್ಲಾಸ್ಟರಿನ ಮೇಲೆ ತನ್ನ ಸಹಿ ಹಾಕಿ ಹೋದ. ಲಸಿಕೆ ಹಾಕಿದ್ದು ನನ್ನ ಎಡತೋಳಿಗೆ, ಮುರಿದದ್ದು ಬಲಗೈ ಎಂದು ಚರ್ಚೆ ನಡೆಸುತ್ತಿದ್ದ ಹುಡುಗಿ ಮೆಲ್ಲಗೆ ಕೇಳಿದಾಗ, 'ಔಷಧ ಓಡಾಡುತ್ತಮ್ಮಾ, ಒಂದೇ ಕಡೆ ಕೂರಕ್ಕೆ ಅದೇನು ಸರ್ಕಾರಿ ನೌಕರನಾ?' ಎಂದು ತಾವು ಕೊಟ್ಟ ಉತ್ತರವನ್ನು ನಮ್ಮ ಬಡಾವಣೆಯವರು ಇವತ್ತಿಗೂ ನೆನೆಸಿಕೊಂಡು ಹೊಟ್ಟೆ ಹಿಡಿದುಕೊಳ್ಳುತ್ತಾರೆ.

ತಮ್ಮ ಸಮಿತಿಯ ನಿಷ್ಪಕ್ಷಪಾತದ ಬಗ್ಗೆ ನನಗಿರುವ ಗೌರವವನ್ನು ಇಲ್ಲಿ ದಾಖಲಿಸದೆ ಮುಂದೆ ಹೋಗಲಾರೆ. ಹಳೆಯ ಸಮಿತಿಯಲ್ಲಿ ಏಳು ಮಂದಿ ವೈದ್ಯರಿದ್ದರು. ಇಪ್ಪತ್ತು ಮೂವತ್ತು ವರ್ಷ ಲಸಿಕೆಗಳನ್ನೇ ಓದಿ ಓದಿ ಅವರಿಗೆ ಆ ವಿಷಯದಲ್ಲಿ ಏನೇನೋ ಗೊತ್ತಾಗಿಬಿಟ್ಟಿತ್ತು. ಹಾಗೆ ಗೊತ್ತಿದ್ದವರು ನ್ಯಾಯ ಹೇಳುವುದಾದರೂ ಹೇಗೆ? ತಾವು ಅವರನ್ನು ಒಂದೇ ಮಧ್ಯಾಹ್ನದಲ್ಲಿ ಮನೆಗೆ ಕಳಿಸಿ, ಆ ವಿದ್ಯೆಯ ಗಾಳಿಯೂ ಸೋಕದ ಟೈಲ್ಸ್ ವ್ಯಾಪಾರಿಗಳು, ಕುಸ್ತಿಯ ನಿವೃತ್ತ ರೆಫರಿಗಳು, ತಮ್ಮ ಪಕ್ಷದ ವಕ್ತಾರರು ಮುಂತಾದ ಏಳು ಮಂದಿಯನ್ನು ಕೂರಿಸಿದ ದಿನ, ವಿಜ್ಞಾನವೆಂಬುದು ಕೊನೆಗೂ ಜನಸಾಮಾನ್ಯರ ಕೈಗೆ ಬಂತಲ್ಲ ಎಂದು ನಾನು ಪ್ಲಾಸ್ಟರಿನ ಕೈಯನ್ನು ಇನ್ನೊಂದು ಕೈಗೆ ಬಡಿದು ಚಪ್ಪಾಳೆ ತಟ್ಟಿ, ಆಮೇಲೆ ಒಂದು ಗಂಟೆ ಒದ್ದಾಡಿದ್ದುಂಟು.

ಈಗ ನನ್ನ ಕೈ ಮುರಿದ ಬಗೆಯನ್ನು ನಿಜವಾಗಿ ಅರಿಕೆ ಮಾಡಿಕೊಳ್ಳಬೇಕಾಗಿದೆ. ಮಾನ್ಯರೇ, ನನಗೆ ಸಕ್ಕರೆ ಕಾಯಿಲೆ. ನನ್ನ ಹೆಂಡತಿ ಬಿಸ್ಕತ್ತಿನ ಡಬ್ಬಿಯನ್ನು ಮಲಗುವ ಕೋಣೆಯ ಬೀರುವಿನ ನೆತ್ತಿಯ ಮೇಲೆ, ಹಳೆಯ ಸೂಟ್‌ಕೇಸಿನ ಹಿಂದೆ ಇಟ್ಟಿರುತ್ತಾಳೆ. ಲಸಿಕೆ ಹಾಕಿಸಿಕೊಂಡ ಮೂರನೇ ದಿನ ಹನ್ನೊಂದು ಗಂಟೆಗೆ ಅವಳು ಬಟ್ಟೆ ಒಣಹಾಕಲು ಮಾಳಿಗೆಗೆ ಹೋದದ್ದನ್ನು ಖಚಿತಪಡಿಸಿಕೊಂಡು ನಾನು ಸ್ಟೂಲು ಏರಿದೆ. ಆ ಸ್ಟೂಲಿನ ಒಂದು ಕಾಲು ಹುಟ್ಟುತ್ತಲೇ ಗಿಡ್ಡ. ಡಬ್ಬಿ ಕೈಗೆ ಸಿಕ್ಕಿತು, ನೆಲ ಬೆನ್ನಿಗೆ ಸಿಕ್ಕಿತು. ಕೈ ತಿರುಚಿಕೊಂಡು ಬಿದ್ದವನು ಮೊದಲು ಮಾಡಿದ ಕೆಲಸವೇನೆಂದರೆ, ಕಣ್ಣಲ್ಲಿ ನೀರು ಬರುತ್ತಿದ್ದರೂ ಎಡಗಾಲಿನಿಂದ ಡಬ್ಬಿಯನ್ನು ಮಂಚದಡಿಗೆ ತಳ್ಳಿ, ಚೆಲ್ಲಿದ ನಾಲ್ಕಾರು ಬಿಸ್ಕತ್ತನ್ನೂ ಅದರ ಹಿಂದೆಯೇ ಸರಿಸಿ, ಆಮೇಲೆ 'ಅಯ್ಯೋ' ಎಂದು ಕೂಗಿದ್ದು. ಓಡಿ ಬಂದವಳು, 'ಬೆಳಿಗ್ಗೆ ಚೆನ್ನಾಗೇ ಇದ್ರಲ್ಲ, ಏನಾಯ್ತು?' ಎಂದಳು. ನನ್ನ ಬಾಯಿಗೆ ಆ ಗಳಿಗೆಯಲ್ಲಿ ಒದಗಿದ ಮಾತು ಇಷ್ಟೇ: 'ತಲೆ ಸುತ್ತಿತು ಕಣೇ. ಮೊನ್ನೆ ಚುಚ್ಚಿಸ್ಕೊಂಡೆನಲ್ಲ, ಅದೇ ಇರ್ಬೇಕು.'

ತಮ್ಮ ವರದಿಯ ನಾಲ್ಕುನೂರ ಹದಿನೇಳನೇ ದುರಂತ ಹುಟ್ಟಿದ್ದು ಹೀಗೆ, ಮಂಚಕ್ಕೂ ಬೀರುವಿಗೂ ನಡುವಿನ ಮೂರಡಿ ಜಾಗದಲ್ಲಿ. ನನ್ನ ಹೆಂಡತಿ ಮೂವತ್ತು ವರ್ಷ ಟೆಲಿಫೋನ್ ಕಚೇರಿಯಲ್ಲಿ ದುಡಿದವಳು, ಚೀಟಿಯಲ್ಲಿ ಬರೆದದ್ದನ್ನು ಚಾಚೂ ತಪ್ಪದೆ ಪಾಲಿಸುವವಳು. ಲಸಿಕೆ ಹಾಕಿದ ದಿನ ಆರೋಗ್ಯ ಕೇಂದ್ರದವರು ಕೊಟ್ಟ ಚೀಟಿಯಲ್ಲಿ, ಮುಂದಿನ ಒಂದು ತಿಂಗಳಲ್ಲಿ ಏನೇ ಆದರೂ, ಲಸಿಕೆಯಿಂದಲೇ ಆಯಿತೋ ಇಲ್ಲವೋ ಎಂದು ನೀವು ಯೋಚಿಸದೆ ನಮಗೆ ತಿಳಿಸಿ ಎಂದು ಬರೆದಿತ್ತು. ಆಸ್ಪತ್ರೆಯಲ್ಲಿ ನನ್ನ ಎಕ್ಸ್‌ರೇ ಇನ್ನೂ ಒದ್ದೆಯಾಗಿರುವಾಗಲೇ ಅವಳು ಅಲ್ಲಿಯ ಬೆಂಚಿನಿಂದ ಆ ನಂಬರಿಗೆ ಫೋನು ಮಾಡಿ ತಿಳಿಸಿಯೂ ಆಗಿತ್ತು.

ತಾವು ಆ ಕಚೇರಿಗೆ ಕಾಲಿಟ್ಟವರಲ್ಲವಾದ್ದರಿಂದ ಅಲ್ಲಿಯ ಪದ್ಧತಿಯನ್ನು ಎರಡು ಮಾತಿನಲ್ಲಿ ನಿವೇದಿಸುತ್ತೇನೆ. ಅಲ್ಲೊಂದು ಅಗಲವಾದ ರಿಜಿಸ್ಟರ್ ಇದೆ. ತೆರೆದಿಟ್ಟರೆ ಎಡಪುಟದ ತಲೆಯಲ್ಲಿ 'ಏನಾಯಿತು' ಎಂದೂ ಬಲಪುಟದ ತಲೆಯಲ್ಲಿ 'ಏಕಾಯಿತು' ಎಂದೂ ಅಚ್ಚಾಗಿದೆ. ಯಾರು ಏನು ಹೇಳಿದರೂ ಎಡಪುಟಕ್ಕೆ ಹೋಗುತ್ತದೆ: ಜ್ವರ, ವಾಂತಿ, ಸೈಕಲ್ಲಿನಿಂದ ಬಿದ್ದದ್ದು, ಮಗು ಗುಂಡಿ ನುಂಗಿದ್ದು, ಗಂಡ ಹೇಳದೆ ಕೇಳದೆ ಮನೆ ಬಿಟ್ಟು ಹೋದದ್ದು. ಆಮೇಲೆ ಒಬ್ಬರು ಮನೆಮನೆಗೆ ಹೋಗಿ, ನೋಡಿ, ಕೇಳಿ, ವೈದ್ಯರೊಡನೆ ಕೂತು ಚರ್ಚಿಸಿ ಬಲಪುಟವನ್ನು ತುಂಬಬೇಕು. ಆ ಒಬ್ಬರನ್ನು ಕೇಂದ್ರದಲ್ಲಿ ಎಲ್ಲರೂ ರಿಜಿಸ್ಟರ್ ಅಕ್ಕ ಎನ್ನುತ್ತಾರೆ. ಹದಿನಾರು ವರ್ಷದಿಂದ ಅದೇ ಕೆಲಸ, ಅದೇ ಬಟ್ಟೆಯ ಚೀಲ, ಅದೇ ಸವೆದ ಚಪ್ಪಲಿ.

ಅಕ್ಕ ನಮ್ಮ ಮನೆಗೂ ಬಂದರು. ಸ್ಟೂಲನ್ನು ಎರಡು ಸಲ ಅಲ್ಲಾಡಿಸಿ ನೋಡಿದರು. ಆಮೇಲೆ ಅದನ್ನೇ ಗೋಡೆಗೆ ಒತ್ತಿ ಹತ್ತಿ, ಬೀರುವಿನ ನೆತ್ತಿಯ ಧೂಳನ್ನೂ, ಆ ಧೂಳಿನ ನಡುವೆ ಡಬ್ಬಿಯ ಗಾತ್ರಕ್ಕೆ ಸ್ವಚ್ಛವಾಗಿ ಉಳಿದಿದ್ದ ದುಂಡನೆಯ ಗುರುತನ್ನೂ ನೋಡಿದರು. ಇಳಿದು ಬಂದು, 'ಅಮ್ಮಾ, ಒಂದು ಲೋಟ ನೀರು ಕೊಡ್ತೀರಾ' ಎಂದು ನನ್ನ ಹೆಂಡತಿಯನ್ನು ಒಳಗೆ ಕಳಿಸಿ, ನನ್ನ ಕಡೆ ತಿರುಗಿ ಪಿಸುಗುಟ್ಟಿದರು: 'ಅಂಕಲ್, ಡಬ್ಬಿ ಎಲ್ಲಿ?' ನಾನು ಮಂಚದ ಕಡೆ ಕಣ್ಣು ಹಾಯಿಸಿದೆ. ಅವರು ತಲೆಯಾಡಿಸಿ, ನನ್ನ ಬಲಪುಟದಲ್ಲಿ ನನ್ನ ಕಣ್ಣೆದುರೇ ಬರೆದರು: 'ಗಿಡ್ಡ ಕಾಲಿನ ಸ್ಟೂಲು ಏರಿ ಬಿದ್ದದ್ದು. ಲಸಿಕೆಗೆ ಸಂಬಂಧವಿಲ್ಲ. ಏರಿದ ಕಾರಣ ಖಾಸಗಿ.' ನನ್ನ ಮಾನವನ್ನು ಇಷ್ಟು ಕಡಿಮೆ ಶಬ್ದಗಳಲ್ಲಿ ಇಷ್ಟು ನಾಜೂಕಾಗಿ ಕಾಪಾಡಿದವರು ಇನ್ನೊಬ್ಬರಿಲ್ಲ.

ಅಷ್ಟರಲ್ಲಿ ತಮ್ಮ ಸಮಿತಿ ಹುಟ್ಟಿತು. ನಾಳೆ ಹನ್ನೊಂದರೊಳಗೆ ರಿಜಿಸ್ಟರಿನ ನಕಲು ಬೇಕು ಎಂದು ತಮ್ಮ ಕಚೇರಿಯಿಂದ ಆಜ್ಞೆ ಬಂತು. ಕೇಂದ್ರದ ಜೆರಾಕ್ಸ್ ಯಂತ್ರದ ಗಾಜಿನ ಮೇಲೆ ಒಂದು ಸಲಕ್ಕೆ ರಿಜಿಸ್ಟರಿನ ಒಂದೇ ಪುಟ ಕೂರುತ್ತದೆ. ನಕಲು ತೆಗೆಯಲು ಕೂತ ಗುಮಾಸ್ತರು ಎಡಪುಟಗಳನ್ನೆಲ್ಲ ಮುಗಿಸಿ, ಇನ್ನು ರಿಜಿಸ್ಟರನ್ನು ತಿರುಗಿಸಿ ಬಲಪುಟಗಳನ್ನು ಹಿಡಿಯಬೇಕು ಎನ್ನುವಷ್ಟರಲ್ಲಿ ಹನ್ನೊಂದು ಹೊಡೆಯಿತು, ತಮ್ಮ ಜೀಪು ಬಂತು, ಇದ್ದಷ್ಟನ್ನು ಎತ್ತಿಕೊಂಡು ಹೋಯಿತು. ಅದೇ ತಮ್ಮ ವರದಿಯಾಯಿತು. ಗುಂಡಿ ನುಂಗಿದ ಮಗುವೂ, ಮನೆ ಬಿಟ್ಟು ಹೋದ ಗಂಡನೂ, ನಾನೂ, ಎಲ್ಲರೂ ಸಾಲಾಗಿ ಲಸಿಕೆಯ ಸಂತ್ರಸ್ತರಾದೆವು.

ಪುಸ್ತಕಗಳಿಗೆ ಬೈಂಡಿಂಗ್ ಹಾಕಿ ನಲವತ್ತು ವರ್ಷ ಅನ್ನ ತಿಂದವನು ನಾನು. ಯಾವ ಪುಸ್ತಕ ಕೈಗೆ ಬಂದರೂ ಒಳಗಿನ ವಿಷಯಕ್ಕಿಂತ ಮೊದಲು ಪುಟಸಂಖ್ಯೆ ನೋಡುವ ಚಾಳಿ. ತಮ್ಮ ವರದಿ ಕೈಗೆ ಬಂದಾಗಲೂ ಹಾಗೇ ತಿರುವಿದೆ: ಎರಡು, ನಾಲ್ಕು, ಆರು, ಎಂಟು. ಕೊನೆಯ ಹಾಳೆಗೆ ಹೋದೆ: ಆರುನೂರ ಇಪ್ಪತ್ತೆರಡು, ಆರುನೂರ ಇಪ್ಪತ್ತನಾಲ್ಕು. ಮಾನ್ಯರೇ, ಇಡೀ ವರದಿಯಲ್ಲಿ ಒಂದೇ ಒಂದು ಬೆಸಸಂಖ್ಯೆ ಇರಲಿಲ್ಲ. ತಾವು ಎತ್ತಿ ಹಿಡಿದ ಆರುನೂರ ಇಪ್ಪತ್ತನಾಲ್ಕು ಪುಟಗಳು ನಿಜಕ್ಕೂ ಮುನ್ನೂರ ಹನ್ನೆರಡೇ ಪುಟಗಳು. ಏಳು ಮಂದಿ ಸದಸ್ಯರು, ಮೂರು ಟಿವಿ ಚಾನೆಲ್ಲುಗಳು, ಎರಡು ಪಕ್ಷಗಳು ಅದನ್ನು ಓದಿದೆವೆಂದು ಪ್ರಮಾಣ ಮಾಡಿದರೂ ಮೂರು ಎಲ್ಲಿ, ಐದು ಎಲ್ಲಿ ಎಂದು ಒಬ್ಬರೂ ಕೇಳಿರಲಿಲ್ಲ. ಓದದೆಯೇ ಇಷ್ಟು ಸಿಟ್ಟಾಗಬಲ್ಲ ಶಕ್ತಿಗೆ ನನ್ನ ನಮಸ್ಕಾರ.

ಈ ಅಂಶವನ್ನು ನಾನು ವಿನಯಪೂರ್ವಕವಾಗಿ ಸಮಿತಿಗೆ ಬರೆದು ತಿಳಿಸಿದ್ದೂ, ನನ್ನ ಎದುರುಪುಟದಲ್ಲಿ ಸ್ಟೂಲಿನ ವಿಷಯವಿದೆ ಎಂದು ಒಂದು ಸಾಲು ಸೇರಿಸಿದ್ದೂ ತಮಗೆ ನೆನಪಿರಬಹುದು. ಮೂರೇ ದಿನದಲ್ಲಿ ಉತ್ತರ ಬಂತು. ಬಲಪುಟಗಳಲ್ಲಿ ಇರುವುದು ಬರೀ ಅಭಿಪ್ರಾಯ, ಎಡಪುಟಗಳಲ್ಲಿ ಇರುವುದೇ ಸತ್ಯಾಂಶ ಎಂದು ಸಮಿತಿ ತೀರ್ಮಾನಿಸಿರುವುದಾಗಿಯೂ, ಸ್ಟೂಲಿನ ಪ್ರಶ್ನೆಯನ್ನು ಪ್ರತ್ಯೇಕವಾಗಿ ಮತಕ್ಕೆ ಹಾಕಲಾಗಿ, ಅರ್ಜಿದಾರರ ಪತನಕ್ಕೆ ಸ್ಟೂಲು ಕಾರಣವಲ್ಲವೆಂದು ಐದು-ಎರಡು ಮತಗಳಿಂದ ನಿರ್ಣಯವಾಗಿರುವುದಾಗಿಯೂ ಅದರಲ್ಲಿತ್ತು. ಆ ಎರಡು ಮತ ಯಾರದೆಂದು ತಿಳಿಯದು. ಅವರ ಮನೆಯಲ್ಲೂ ಗಿಡ್ಡ ಕಾಲಿನ ಸ್ಟೂಲು ಇದ್ದೀತು. ಬಿದ್ದವನು ನಾನೇ ಆದರೂ ಬಹುಮತಕ್ಕೆ ತಲೆಬಾಗುವ ಪ್ರಜೆಯಾದ್ದರಿಂದ ಅವತ್ತಿನಿಂದ ಆ ಸ್ಟೂಲಿನ ಮೇಲೆ ಕೂರುವಾಗ ಕ್ಷಮೆ ಕೇಳಿ ಕೂರುತ್ತಿದ್ದೇನೆ.

ಆದರೆ ತಮ್ಮೊಬ್ಬರನ್ನೇ ಹೊಗಳಿದರೆ ಆರೋಗ್ಯ ಇಲಾಖೆಗೆ ಅನ್ಯಾಯವಾದೀತು. ಸರ್ಕಾರದಲ್ಲಿ ಸಮಿತಿ ತಮ್ಮ ಪಕ್ಷದ್ದು, ಇಲಾಖೆ ಮಿತ್ರಪಕ್ಷದ್ದು. ತಾವು 'ಎಲ್ಲವೂ ಲಸಿಕೆಯಿಂದಲೇ' ಎಂದ ಮರುದಿನವೇ ಅವರು 'ಲಸಿಕೆಯಿಂದ ಏನೂ ಇಲ್ಲ, ಸೊನ್ನೆ' ಎಂದು ದೊಡ್ಡದೊಂದು ಸೊನ್ನೆಯ ಚಿತ್ರ ಹಾಕಿ ಬಲಪುಟಗಳ ಪುಸ್ತಕವನ್ನು ಹಾಳೆಯ ಒಂದೇ ಬದಿಗೆ ಅಚ್ಚು ಹಾಕಿಸಿದರು. ಅದನ್ನೂ ತರಿಸಿದೆ, ಅದರ ಪುಟಸಂಖ್ಯೆಯನ್ನೂ ನೋಡಿದೆ. ಮೂರರಿಂದ ಆರುನೂರ ಇಪ್ಪತ್ತೈದರ ತನಕ ಬರಬೇಕಾದ ಬೆಸಸಂಖ್ಯೆಗಳಲ್ಲಿ ಹನ್ನೊಂದು ಪುಟ ಇರಲೇ ಇಲ್ಲ. ಬ್ಲೇಡಿನಿಂದ ಕತ್ತರಿಸಿದ್ದು, ಅದೂ ಒಳ್ಳೆಯ ಬ್ಲೇಡು. ನಮ್ಮ ಕಸುಬಿನ ಕೈ. ಆಮೇಲೆ ಅಕ್ಕನಿಂದಲೇ ತಿಳಿದಂತೆ, ಆ ಹನ್ನೊಂದು ಪುಟಗಳಲ್ಲಿ, ಅವರು ಹೋಗಿ ನೋಡಿ ಬಂದು, 'ಹೌದು, ಇದು ಲಸಿಕೆಯಿಂದಲೇ' ಎಂದು ಬರೆದ ಹನ್ನೊಂದು ನಮೂದುಗಳಿದ್ದವು. ತಾವು ಅವನ್ನು ಒಂಬೈನೂರ ಮೂವತ್ತಾರರಲ್ಲಿ ಮುಳುಗಿಸಿದಿರಿ, ಅವರು ಸೊನ್ನೆಯೊಳಗೆ ಹಾಕಿದರು. ನಿಜ ಇದ್ದದ್ದು ಆ ಹನ್ನೊಂದರಲ್ಲಿ, ಅದು ಇಬ್ಬರಿಗೂ ಬೇಕಾಗಲಿಲ್ಲ.

ನನ್ನ ಕೈಗಾಗಿ ಎರಡೂ ಕಡೆಯವರು ಪಟ್ಟ ಪಾಡನ್ನು ನೆನೆದರೆ ಈಗಲೂ ಮನಸ್ಸು ತುಂಬಿ ಬರುತ್ತದೆ. ತಮ್ಮ ಆಪ್ತ ಕಾರ್ಯದರ್ಶಿ ಟಿವಿಯವರ ಕ್ಯಾಮೆರಾದೊಡನೆ ಬಂದು, ಹೆಂಡತಿ ಪಕ್ಕದಲ್ಲೇ ನಿಂತಿದ್ದರಿಂದ ಬೇರೆ ದಾರಿ ಕಾಣದ ನನ್ನ ಬಾಯಿಂದ 'ತಲೆ ಸುತ್ತಿತು' ಎಂಬ ಮಾತನ್ನು ಮೂರು ಸಲ ಹೇಳಿಸಿಕೊಂಡು, ಪೋಸ್ಟರಿಗೆ ಫೋಟೋ ತೆಗೆದು, 'ಮುಂದಿನ ತಿಂಗಳ ಸಭೆ ತನಕ ಪ್ಲಾಸ್ಟರ್ ಬಿಚ್ಚಿಸ್ಬೇಡಿ ಯಜಮಾನ್ರೇ, ವೇದಿಕೆ ಮೇಲೆ ಚೆನ್ನಾಗಿ ಕಾಣುತ್ತೆ' ಎಂದು ಬೇಡಿಕೊಂಡು ಹೋದರು. ಅವರ ಸ್ಕೂಟರು ತಿರುವು ದಾಟುವಷ್ಟರಲ್ಲಿ ಇಲಾಖೆಯ ಪ್ರಚಾರ ಅಧಿಕಾರಿ ಬಂದು, 'ಒಂದು ವಾರ ಮುಂಚೆ ಬಿಚ್ಚಿಸೋಣ, ಕೈ ಬೀಸೋ ಒಂದು ವಿಡಿಯೋ ಸಾಕು' ಎಂದರು. ಮುಂಚೆ ಬಿಚ್ಚಿದರೆ ಮೂಳೆ ಕೂಡಿರುವುದಿಲ್ಲವಲ್ಲ ಎಂದರೆ, 'ನಿಧಾನಕ್ಕೆ ಬೀಸಿ' ಎಂದರು. ನನ್ನ ಮೂಳೆ ಯಾವ ಪಕ್ಷವನ್ನೂ ಸೇರದೆ, ಆರು ವಾರ ತೆಗೆದುಕೊಂಡು ತನ್ನಷ್ಟಕ್ಕೆ ಕೂಡಿತು.

ಎರಡೂ ಪಕ್ಷಗಳು ಒಂದೇ ಒಂದು ವಿಷಯದಲ್ಲಿ ಒಮ್ಮತಕ್ಕೆ ಬಂದದ್ದನ್ನು ಮಾತ್ರ ಚರಿತ್ರೆ ಬರೆಯುವವರು ಮರೆಯಬಾರದು: ರಿಜಿಸ್ಟರ್ ಅಕ್ಕನನ್ನು ವರ್ಗ ಮಾಡುವುದು. ಬಲಪುಟ ಬರೆದದ್ದಕ್ಕೆ ತಮ್ಮವರಿಗೆ ಕೋಪ, ಆ ಬಲಪುಟದಲ್ಲಿ ಹನ್ನೊಂದು ಸಲ 'ಹೌದು' ಎಂದದ್ದಕ್ಕೆ ಇಲಾಖೆಯವರಿಗೆ ಕೋಪ. ಹದಿನಾರು ವರ್ಷದ ಮೇಲೆ ಅವರು ಈಗ ನಗರಸಭೆಯ ಬೀದಿನಾಯಿ ವಿಭಾಗದಲ್ಲಿದ್ದಾರೆ. ಆರೋಗ್ಯ ಕೇಂದ್ರದಲ್ಲಿ ಅವರ ಕುರ್ಚಿ ಖಾಲಿ. ಅದರ ಮೇಲೆ ಈಗ ತಮ್ಮ ವರದಿಯ ಕಟ್ಟುಗಳನ್ನು ಪೇರಿಸಿಟ್ಟಿದ್ದಾರೆ.

ಇಷ್ಟಕ್ಕೇ ನಿಂತಿದ್ದರೆ ನಾನು ತಮ್ಮ ಸಂತ್ರಸ್ತನಾಗಿಯೇ, ಬಿಸ್ಕತ್ತಿನ ಗುಟ್ಟನ್ನು ಎದೆಯಲ್ಲಿಟ್ಟುಕೊಂಡು ನೆಮ್ಮದಿಯಾಗಿ ಬಾಳುತ್ತಿದ್ದೆ, ತಮಗೆ ಈ ತೊಂದರೆಯನ್ನೂ ಕೊಡುತ್ತಿರಲಿಲ್ಲ. ಆದರೆ ನನಗೊಬ್ಬ ಮಗಳಿದ್ದಾಳೆ, ಊರಿನ ಆಚೆ ಕೊನೆಯಲ್ಲಿ ಅವಳ ಸಂಸಾರ, ಅವಳಿಗೊಂದು ಹೆಣ್ಣುಮಗು. ಮಗುವಿಗೆ ಒಂಬತ್ತು ತಿಂಗಳು ತುಂಬಿ ದಡಾರದ ಲಸಿಕೆಯ ದಿನ ಬಂತು, ದಾಟಿಯೂ ಹೋಯಿತು. ಅವರ ಹಿಂದಿನ ಬೀದಿಯಲ್ಲಿ ಮೂರು ಮಕ್ಕಳಿಗೆ ದಡಾರ ಎದ್ದಿದೆ, ಒಂದನ್ನು ಆಸ್ಪತ್ರೆಗೆ ಸೇರಿಸಿದ್ದಾರೆ ಎಂಬ ಸುದ್ದಿ ಕೇಳಿ ನಾನು ಫೋನು ಮಾಡಿ, ಇನ್ನೂ ಏಕೆ ಹಾಕಿಸಿಲ್ಲ ಎಂದೆ. ಅವಳ ಉತ್ತರ ಇದು: 'ಅಪ್ಪ, ನಿಮ್ಮ ಕೈ ಮೂಳೆನೇ ಮುರಿದ ಮೇಲೆ, ಈ ಬೆಣ್ಣೆಯಂಥ ಮೈಗೆ ಹೇಗೆ ಚುಚ್ಚಿಸ್ಲಿ?'

ಮಾನ್ಯರೇ, ಪೋಸ್ಟರಿನಲ್ಲಿ ನನ್ನ ಮುಖ ಚೆನ್ನಾಗಿ ಬಂದಿತ್ತು. ಅದು ನನ್ನ ಮೊಮ್ಮಗಳ ತೊಟ್ಟಿಲಿಗೂ ದಡಾರಕ್ಕೂ ನಡುವಿನ ಬಾಗಿಲನ್ನು ತೆರೆದಿಟ್ಟುಕೊಂಡು ನಿಂತಿತ್ತು ಎಂಬುದು ಅವತ್ತೇ ನನಗೆ ಗೊತ್ತಾದದ್ದು. 'ಅಯ್ಯೋ, ಅದು ಸ್ಟೂಲಿಂದ ಬಿದ್ದಿದ್ದು ಕಣಮ್ಮ' ಎಂದೆ. 'ಟಿವಿಲಿ ನೀವೇ ತಲೆ ಸುತ್ತಿತು ಅಂದ್ರಲ್ಲ? ಈಗ ನಂಗೆ ಸಮಾಧಾನ ಆಗ್ಲಿ ಅಂತ ಸ್ಟೂಲಿನ ಕಥೆ ಕಟ್ತಿದೀರಿ. ಅಲ್ದೆ ಸ್ಟೂಲು ಯಾಕೆ ಹತ್ತಿದ್ರಿ ಹೇಳಿ ನೋಡೋಣ' ಎಂದಳು. ಆ ಪ್ರಶ್ನೆಗೆ ತಮ್ಮ ಸಮಿತಿಯಲ್ಲಿ ಐದು ಮತ ಸಿಕ್ಕೀತು; ನಾನು ಮಗು ಹಾಲು ಕುಡಿಯಿತೇ ಎಂದು ಕೇಳಿದೆ. ಅವಳೇ ಮುಂದುವರಿಸಿದಳು: 'ಯಾರನ್ನ ನಂಬ್ಲಿ ಅಪ್ಪ? ಒಬ್ರು ಎಲ್ಲಾ ಆಗುತ್ತೆ ಅಂತಾರೆ, ಒಬ್ರು ಏನೂ ಆಗೋದೇ ಇಲ್ಲ ಅಂತಾರೆ. ಹೋದ ಸಲ ಚುಚ್ಚಿಸಿದಾಗ ಇವಳ ತೊಡೆ ನಿಂಬೆಹಣ್ಣಿನಷ್ಟು ಊದಿತ್ತು, ನಾನೇ ತಣ್ಣೀರು ಬಟ್ಟೆ ಒತ್ತಿದೀನಿ. ಏನೂ ಆಗಲ್ಲ ಅನ್ನೋರು ಸುಳ್ಳು ಹೇಳ್ತಿದಾರೆ ಅಂತ ನಂಗೆ ಗೊತ್ತು. ಒಂದು ಸುಳ್ಳು ಹೇಳಿದವರು ಇನ್ನೊಂದು ಹೇಳಲ್ವಾ?'

ಅವಳನ್ನು ಮರುದಿನವೇ ಮಗುವಿನೊಡನೆ ಮನೆಗೆ ಕರೆಸಿ, ಹೆಂಡತಿಯನ್ನು ಎದುರಿಗೆ ಕೂರಿಸಿ, ಡಬ್ಬಿ, ಬೀರು, ಎಡಗಾಲು, ಮಂಚ ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಕೊಂಡೆ. ಮೂವತ್ತೊಂಬತ್ತು ವರ್ಷದ ದಾಂಪತ್ಯದಲ್ಲಿ ಇಷ್ಟು ಕಷ್ಟದ ಹೇಳಿಕೆಯನ್ನು ಕೊಟ್ಟದ್ದಿಲ್ಲ. ನನ್ನ ಹೆಂಡತಿ ಮಗುವಿನ ಟೋಪಿಯ ದಾರವನ್ನು ಕಟ್ಟಿ ಮುಗಿಸಿ, ತಲೆಯೆತ್ತಿ ಹೇಳಿದಳು: 'ಮಂಚದಡಿ ಗುಡಿಸೋರು ಯಾರು ಅಂದ್ಕೊಂಡಿದ್ರಿ?' ಡಬ್ಬಿ ಅವಳಿಗೆ ಎರಡನೇ ದಿನವೇ ಸಿಕ್ಕಿತ್ತು. ಮತ್ತೆ ಟಿವಿಯವರ ಮುಂದೆ ಏಕೆ ಹೇಳಲಿಲ್ಲ ಎಂದರೆ, 'ಊರ ಮುಂದೆ ನಾನೇ ನಿಮ್ಮ ಮರ್ಯಾದೆ ತೆಗೀಲಾ? ನೀವಾಗಿ ಹೇಳ್ತೀರಾ ಅಂತ ಕಾಯ್ತಿದ್ದೆ. ಇಷ್ಟು ದಿನ ಹಿಡೀತು' ಎಂದಳು. ಮಗಳು ನಕ್ಕು ನಕ್ಕು ಕಣ್ಣಲ್ಲಿ ನೀರು ತಂದುಕೊಂಡಳು. ಆಮೇಲೆ ಮಗುವನ್ನು ತೊಡೆಯ ಮೇಲೆ ಹತ್ತಿರಕ್ಕೆ ಎಳೆದುಕೊಂಡು, 'ಸರಿ, ನಿಮ್ಮ ಕೈ ಲೆಕ್ಕ ಮುಗೀತು. ಇವಳದ್ದು?' ಎಂದಳು.

ಆ ಪ್ರಶ್ನೆಯನ್ನು ಯಾರ ಬಳಿ ಒಯ್ಯಬೇಕೆಂದು ಯೋಚಿಸಲೇ ಬೇಕಾಗಲಿಲ್ಲ. ಮೂವರೂ ಮಗುವನ್ನೆತ್ತಿಕೊಂಡು ಬೀದಿನಾಯಿ ವಿಭಾಗಕ್ಕೆ ಹೋದೆವು. ಹಿಂದಿನ ಪಂಜರಗಳಲ್ಲಿ ಹತ್ತಾರು ನಾಯಿಗಳು ಟಿವಿ ಚರ್ಚೆಯಂತೆ ಒಟ್ಟಿಗೇ ಬೊಗಳುತ್ತಿದ್ದವು. ಅಕ್ಕ ಅಲ್ಲೂ ಒಂದು ಅಗಲದ ರಿಜಿಸ್ಟರ್ ಗೆರೆ ಹಾಕಿ ಮಾಡಿಟ್ಟುಕೊಂಡಿದ್ದಾರೆ: ಎಡಕ್ಕೆ 'ನಾಯಿ ಕಚ್ಚಿತು', ಬಲಕ್ಕೆ 'ಹೋಗಿ ನೋಡಲಾಯಿತು, ಬಾಲ ತುಳಿದಿದ್ದರು'. ಮಗಳು ತನ್ನ ಪ್ರಶ್ನೆಯನ್ನು ಇಟ್ಟಳು. ಅಕ್ಕ ಪೆನ್ನು ಮುಚ್ಚಿಟ್ಟು ಹೇಳಿದ್ದನ್ನು ನಾನು ಕಂಡಂತೆ ಕೇಳಿದಂತೆ ಇಲ್ಲಿ ಬರೆಯುತ್ತಿದ್ದೇನೆ, ತಾವೂ ಒಮ್ಮೆ ಓದಲಿ ಎಂದು.

'ಏನೂ ಆಗಲ್ಲ ಅಂತ ನಾನು ಹೇಳಲ್ಲಮ್ಮ. ಚುಚ್ಚಿದ ದಿನ ಅಳ್ತಾಳೆ, ಚುಚ್ಚಿದ ಜಾಗ ಕೆಂಪಗಾಗಬಹುದು. ಅದಲ್ಲ ಮುಖ್ಯ. ಒಂದು ವಾರ ಆಟಾಡ್ಕೊಂಡಿರ್ತಾಳೆ, ನೀನು ಮರೆತೇ ಬಿಟ್ಟಿರ್ತೀಯ, ಆಗ ಎಂಟನೇದೋ ಹತ್ತನೇದೋ ದಿನಕ್ಕೆ ಮೈ ಬೆಚ್ಚಗಾಗಬಹುದು. ಹತ್ತು ಮಕ್ಕಳಲ್ಲಿ ಒಂದಕ್ಕೆ ಆಗುತ್ತೆ ಅಂತ ಇಟ್ಕೋ. ಒಂದೆರಡು ದಿನ, ಹೋಗುತ್ತೆ. ಸಾವಿರಾರು ಮಕ್ಕಳಲ್ಲಿ ಒಂದಕ್ಕೆ ಆ ಜ್ವರದ ಜೊತೆ ಫಿಟ್ಸ್ ಬರಬಹುದು. ನನ್ನ ಹನ್ನೊಂದರಲ್ಲಿ ಅಂಥವು ಎರಡು. ಇಬ್ಬರೂ ಈಗ ಶಾಲೆಗೆ ಹೋಗ್ತಿದಾರೆ, ಮೊನ್ನೆನೂ ನೋಡಿ ಬಂದೆ. ಹಾಗೇನಾದ್ರೂ ಆದ್ರೆ ಪಕ್ಕಕ್ಕೆ ಮಲಗಿಸಿ ಆಸ್ಪತ್ರೆಗೆ ಹೊರಡು, ಹೊರಡೋವಾಗ ನಂಗೊಂದು ಫೋನ್ ಮಾಡು. ಇನ್ನು ದಡಾರ ಬಂದ್ರೆ ಏನಾಗುತ್ತೆ ಅಂತ ಕೇಳ್ತೀಯಾ?' ಎಂದು ಎದುರಿನ ರಿಜಿಸ್ಟರಿನ ಮೇಲೆ ಅಂಗೈಯಿಟ್ಟು, 'ಅದಕ್ಕೆ ಈ ರಿಜಿಸ್ಟರ್ ಸಾಲಲ್ಲ' ಎಂದರು.

ಮಗಳು ಚೀಲದಿಂದ ಮಗುವಿನ ಲಸಿಕೆಯ ಕಾರ್ಡು ತೆಗೆದು ದಿನಾಂಕ ನೋಡಿಕೊಂಡಳು. ಹೊರಗೆ ಬಂದ ಮೇಲೆ, 'ಇಷ್ಟು ದಿನದಲ್ಲಿ ನಂಗೆ ಹೆದರಿಕೆಯಾಗೋ ವಿಷಯನ ಹೆದರಿಸದೆ ಹೇಳಿದವರು ಇವರೊಬ್ರೇ ಅಪ್ಪ' ಎಂದಳು. ಮರುದಿನ ಬೆಳಿಗ್ಗೆ ಒಂಬತ್ತೂವರೆಗೆ ಮಗುವಿಗೆ ಲಸಿಕೆಯಾಯಿತು.

ಇವತ್ತಿಗೆ ಎಂಟನೇ ದಿನ. ಬೆಳಿಗ್ಗೆ ಏಳಕ್ಕೆ ಮಗಳ ಫೋನು. 'ಅಪ್ಪ, ಪುಟ್ಟಿಗೆ ಜ್ವರ' ಎಂದಳು, ಆದರೆ ಅವಳ ದನಿಯಲ್ಲಿ ಗಾಬರಿಯಿಲ್ಲ, ಹೇಳಿ ಕಳಿಸಿದ ನೆಂಟರು ಹೇಳಿದ ಹೊತ್ತಿಗೇ ಬಂದಾಗ ಇರುವಂಥ ಒಂದು ಹಗುರವಿತ್ತು. 'ಅಕ್ಕ ಹೇಳಿದ ಹಾಗೇ ಬಂತಲ್ಲಪ್ಪ, ಸರಿಯಾಗಿ ಎಂಟನೇ ದಿನಕ್ಕೇ!' ನಾವಿಬ್ಬರೂ ಈಗ ಅವಳ ಮನೆಯಲ್ಲೇ ಇದ್ದೇವೆ. ಮಗು ಬೆಚ್ಚಗಿದೆ, ಸಿಡುಕುತ್ತಿದೆ, ಹಾಲು ಕುಡಿಯುತ್ತಿದೆ, ಈ ಪತ್ರದ ಮೂರನೇ ಹಾಳೆಯ ಒಂದು ಮೂಲೆಯನ್ನು ಅಗಿದಿದೆ. ಮಾನ್ಯರೇ, ತಾವು ಮುನ್ನೂರ ಹನ್ನೆರಡು ಪುಟಗಳಿಂದಲೂ ಇಲಾಖೆಯವರು ಅಷ್ಟು ದೊಡ್ಡ ಸೊನ್ನೆಯಿಂದಲೂ ಹುಟ್ಟಿಸಲಾರದ ನಂಬಿಕೆಯನ್ನು ಒಂದು ಮಗುವಿನ ಜ್ವರ, ಹೇಳಿದ ದಿನಕ್ಕೆ ಬಂದು, ಒಂದೇ ಬೆಳಿಗ್ಗೆಯಲ್ಲಿ ಹುಟ್ಟಿಸಿತು.

ನನ್ನ ಹೆಂಡತಿ ಎಂದಿನಂತೆ ಚೀಟಿಯ ನಂಬರಿಗೆ ಫೋನು ಮಾಡಿ ಎಡಪುಟಕ್ಕೆ ಬರೆಸಿದಳು. ಬಲಪುಟ ತುಂಬಲು ಯಾರು ಬರುತ್ತಾರೆ ಎಂದು ಕೇಳಿದ್ದಕ್ಕೆ, 'ಆ ಸೀಟ್ ಖಾಲಿ ಇದೆ ಮೇಡಂ' ಎಂದರಂತೆ.

ಆದ್ದರಿಂದ ತಮ್ಮಲ್ಲಿ ಮೂರು ಸಣ್ಣ ಬೇಡಿಕೆಗಳು. ಮುಂದಿನ ಸಭೆಯಲ್ಲಿ ನನ್ನ ರಕ್ತದ ಸಕ್ಕರೆಯನ್ನು ಮತಕ್ಕೆ ಹಾಕಿ, ಅದು ಮಿತಿಯಲ್ಲೇ ಇದೆಯೆಂದು ನಿರ್ಣಯಿಸಿ ನನ್ನ ಹೆಂಡತಿಗೆ ಲಿಖಿತವಾಗಿ ತಿಳಿಸಬೇಕು. ಐದು-ಎರಡು ಸಾಕು, ಸರ್ವಾನುಮತ ಬೇಕಿಲ್ಲ. ತಮ್ಮ ಅಂತಿಮ ವರದಿ ಬರುವ ತನಕ ಯಾವ ಬಡಾವಣೆಗೂ ಪ್ರವೇಶಿಸದಂತೆ ದಡಾರಕ್ಕೆ ಒಂದು ತಡೆಯಾಜ್ಞೆ ಹೊರಡಿಸಿ, ಅದರ ಪ್ರತಿಯನ್ನು ದಡಾರಕ್ಕೂ ಕಳಿಸಬೇಕು. ಮತ್ತು ರಿಜಿಸ್ಟರ್ ಅಕ್ಕನನ್ನು ಅವರ ಕುರ್ಚಿಗೆ ವಾಪಸು ಕಳಿಸಬೇಕು. ಮೊದಲ ಎರಡು ತಮ್ಮ ಸಮಿತಿಗೆ ನೀರು ಕುಡಿದಷ್ಟು ಸುಲಭ. ಮೂರನೆಯದು ಮನುಷ್ಯಮಾತ್ರದವರಿಂದ ಆಗದ ಕೆಲಸವೆಂದು ಬಲ್ಲೆ, ಆದರೂ ಕೇಳದೆ ಇರಲಾರೆ.

ಇದರೊಡನೆ ತಮ್ಮ ವರದಿಯನ್ನೂ ಇಲಾಖೆಯ ಪುಸ್ತಕವನ್ನೂ ಬಿಚ್ಚಿ, ಎರಡರ ಪಕ್ಕ ಮೂರು, ನಾಲ್ಕರ ಪಕ್ಕ ಐದು ಬರುವಂತೆ ಹೊಂದಿಸಿ, ಎಡಗೈಯಿಂದಲೇ ಹೊಲಿದ ಒಂದು ಪ್ರತಿಯನ್ನು ಇಟ್ಟಿದ್ದೇನೆ. ಕಾಣೆಯಾದ ಹನ್ನೊಂದು ಪುಟಗಳ ಜಾಗದಲ್ಲಿ ಬಿಳಿ ಹಾಳೆಗಳಿವೆ. ಅವನ್ನು ತುಂಬಲು ಗೊತ್ತಿರುವವರ ವಿಳಾಸ: ಬೀದಿನಾಯಿ ವಿಭಾಗ, ಕೌಂಟರ್ ನಾಲ್ಕು.

ಮತ್ತೆ ಮತ್ತೆ ವಂದಿಸುತ್ತಾ,

ತಮ್ಮ ವಿಶ್ವಾಸಿ,
ಸಂತ್ರಸ್ತ ಪದವಿಗೆ ಈ ಮೂಲಕ ರಾಜೀನಾಮೆ ನೀಡಿರುವ
ನಾಲ್ಕುನೂರ ಹದಿನೇಳನೇ ನಮೂದು

ಮರೆತ ಮಾತು: ಲಸಿಕೆಯಾದ ಮೇಲೆ ಅರ್ಧ ಗಂಟೆ ಅಲ್ಲೇ ಕೂರಿಸುತ್ತಾರೆ. ಅವತ್ತು ನಮ್ಮ ಪಕ್ಕದಲ್ಲಿ, ಅಷ್ಟೇ ವಯಸ್ಸಿನ ಒಂದು ಗಂಡುಮಗುವನ್ನು ಎತ್ತಿಕೊಂಡು, ವರದಿ ಬಿಡುಗಡೆಯ ದಿನ ವೇದಿಕೆಯ ಮೇಲೆ ತಮಗೆ ಹೂಗುಚ್ಛ ಕೊಟ್ಟ ತಮ್ಮ ಸೊಸೆಯವರು ಕೂತಿದ್ದರು. ಹೊರಗೆ ನಿಂತ ಕಾರಿನ ಮುಂದಿನ ಬೋರ್ಡಿಗೆ ಟವೆಲ್ ಹೊದಿಸಿತ್ತು. ನಾನು ಅವರನ್ನು ಗುರುತಿಸಿದೆ, ಪೋಸ್ಟರಿನಿಂದ ಅವರೂ ನನ್ನನ್ನು ಗುರುತಿಸಿದರು; ಇಬ್ಬರೂ ಉಳಿದ ಇಪ್ಪತ್ತೈದು ನಿಮಿಷ ಗೋಡೆ ಗಡಿಯಾರವನ್ನು ಬಲು ಆಸಕ್ತಿಯಿಂದ ನೋಡಿದೆವು. ತಮ್ಮ ಮೊಮ್ಮಗನದು ತಮ್ಮದೇ ಕಂಠ. ಅವನಿಗೂ ಇವತ್ತು ಎಂಟನೇ ದಿನ. ಮೈ ಬೆಚ್ಚಗಾದರೆ ಗಾಬರಿಪಡಬೇಡಿ, ಹಾಲು ಕುಡಿಸುತ್ತಿರಿ, ಒಂದೆರಡು ದಿನದಲ್ಲಿ ಇಳಿಯುತ್ತದೆ. ಈ ಮಾತು ಬಲಪುಟದಲ್ಲಿತ್ತು, ಆದ್ದರಿಂದ ತಮಗೆ ಯಾರೂ ಹೇಳಿರಲಾರರು.